ಅಲುಗುವ ಸಾಲು

ಪರದೆಯ ಮೇಲೆ ಕಾರು ಉರುಳಿದರೆ ನೋಡುವವರ ಕುರ್ಚಿಯೂ ಅಲುಗುವ ಚಿತ್ರಮಂದಿರಗಳು ಪರದೇಶದಲ್ಲಿ ಬಂದಿವೆಯಂತೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಗೆಳೆಯನೊಬ್ಬ ಇದನ್ನು ಕಣ್ಣರಳಿಸಿ ಹೇಳಿದಾಗ ನನಗೇನೂ ಬೆರಗಾಗಲಿಲ್ಲ. ಬಾಗಲಗುಂಟೆಯ ನಮ್ಮ ಮನೆಯ ಹತ್ತಿರದ ಟಾಕೀಸಿನಲ್ಲಿ ಆ ಸೌಕರ್ಯ ಬಹಳ ಹಿಂದಿನಿಂದಲೂ ಇದೆ. ಅಲ್ಲಿ ಒಂದು ಸಾಲಿನ ಕುರ್ಚಿಗಳನ್ನೆಲ್ಲ ಒಂದೇ ಕಬ್ಬಿಣದ ಪಟ್ಟಿಗೆ ಕೂರಿಸಿದ್ದಾರೆ. ನೆಲದ ಬೋಲ್ಟುಗಳು ಸಡಿಲ. ಒಬ್ಬರು ಕೆಮ್ಮಿದರೆ ಸಾಲಿಗೆ ಸಾಲೇ ಕುಲುಕುತ್ತದೆ.

ಭಯ ಹುಟ್ಟಿದರೆ ಮೈ ನಡುಗುತ್ತದೆ ಎಂದು ನಮ್ಮ ಅಲಂಕಾರಶಾಸ್ತ್ರದವರು ಬರೆದಿಟ್ಟಿದ್ದಾರೆ. ಪಾಪ, ಅವರು ಈ ಟಾಕೀಸಿಗೆ ಬಂದವರಲ್ಲ. ಇಲ್ಲಿ ಮೊದಲು ಮೈ ನಡುಗುತ್ತದೆ, ಭಯ ಆಮೇಲೆ.

ಒಂದು ಭಾನುವಾರ ಹೆಂಡತಿ ಗಿರಿಜೆಯ ಜೊತೆ ಮ್ಯಾಟ್ನಿಗೆ ಹೋಗಿದ್ದೆ. ಎಡಕ್ಕೆ ಗಿರಿಜೆ, ಬಲಕ್ಕೆ ಪಂಚೆ ಉಟ್ಟ ಹಿರಿಯರೊಬ್ಬರು, ಅವರಾಚೆ ಅವರ ಹೆಂಡತಿ. ಪರದೆಯ ಮೇಲೆ ನಾಯಕಿ ಪಾಳುಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಬಾಗಿಲ ಹಿಂದೆ ಯಾರೋ ಇದ್ದರು. ನನ್ನ ಕುರ್ಚಿ ಸಣ್ಣಗೆ ನಡುಗತೊಡಗಿತು. ಎದೆ ಡವಗುಟ್ಟಿತು, ಅಂಗೈ ಒದ್ದೆಯಾಯಿತು. ಎಂಥ ನಿರ್ದೇಶಕ ಎಂದು ಮನಸ್ಸಿನಲ್ಲೇ ಹೊಗಳಿದೆ.

ದೃಶ್ಯ ಮುಗಿದು ಹಾಸ್ಯನಟ ಬಂದ. ಜನ ನಕ್ಕರು. ನನ್ನ ಹೆದರಿಕೆ ಮಾತ್ರ ಇಳಿಯಲಿಲ್ಲ. ಕುರ್ಚಿ ಇನ್ನೂ ನಡುಗುತ್ತಲೇ ಇತ್ತು. ಬಲಕ್ಕೆ ತಿರುಗಿದೆ. ಹಿರಿಯರ ಮುಖ ಬೆವರಿನಲ್ಲಿ ತೊಯ್ದಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು.

“ಯಜಮಾನ್ರೇ, ಏನಾಗ್ತಿದೆ?” ಎಂದು ಭುಜ ಹಿಡಿದು ಅಲುಗಿಸಿದೆ.

ಅವರ ಹೆಂಡತಿಯ ನಗು ನಿಂತಿತು. “ಅಯ್ಯೋ ಶಿವನೇ, ಸಕ್ಕರೆ ಕಾಯ್ಲೆ ಮಾತ್ರೆ ನುಂಗಿ ಊಟ ಬಿಟ್ಟು ಬಂದವ್ರೆ. ಟಿಕೆಟ್ ಸಿಗಾಕಿಲ್ಲ ಅಂತ ಅವಸ್ರ ಮಾಡುದ್ರು.”

“ಸಕ್ಕರೆ ಇಳಿದಿದೆ ಕಣ್ರೀ. ಬೇಗ ಏನಾದ್ರೂ ಸಿಹಿ ತನ್ನಿ,” ಎಂದಳು ಗಿರಿಜೆ. ಅವಳ ತಂದೆಗೂ ಇದೇ ಕಾಯಿಲೆ ಇತ್ತು.

ಕತ್ತಲಲ್ಲಿ ಯಾರ್ಯಾರದೋ ಕಾಲು ತುಳಿದು ಕ್ಯಾಂಟೀನಿಗೆ ಓಡಿದೆ. ಮಾವಿನ ಜ್ಯೂಸಿನ ಬಾಟಲಿ ಹಿಡಿದು ಬಂದಾಗ ಗಿರಿಜೆ ಅವರ ತಲೆಗೆ ಆಸರೆ ಕೊಟ್ಟು ನಿಂತಿದ್ದಳು. ಒಂದು ಗುಟುಕು ತುಟಿಯಾಚೆ ಸೋರಿತು. ಎರಡನೆಯದು ಇಳಿಯಿತು. ಸಾಲಿನವರೆಲ್ಲ ಪರದೆ ಬಿಟ್ಟು ಅವರ ಗಂಟಲನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕುರ್ಚಿ ನಿಶ್ಚಲವಾಯಿತು.

ಇಂಟರ್‌ವಲ್‌ನಲ್ಲಿ ಬನ್ನು ತಿನ್ನಿಸಿ, ಡಾಕ್ಟರ ಹತ್ತಿರ ಹೋಗೋಣ ಎಂದೆವು. “ಈಗ ವಾಸಿ ಕಣಪ್ಪ. ಪಿಚ್ಚರ್ ಮುಗಿಸ್ಕಂಡೇ ಓಗಾನ,” ಎಂದರು ಹಿರಿಯರು.

ಆಮೇಲೆ ನಾನು ಸಿನಿಮಾ ನೋಡಲಿಲ್ಲ, ಕುರ್ಚಿಗೇ ಕಿವಿಗೊಟ್ಟು ಕೂತೆ. ಮಗಳೊಬ್ಬಳು ತಂದೆಯ ಕಾಲಿಗೆರಗುವ ದೃಶ್ಯ ಬಂದಾಗ ಅದು ಮತ್ತೆ ನಡುಗಿತು. ಗಾಬರಿಯಿಂದ ಹಿರಿಯರ ಕೈ ಹಿಡಿದೆ. ಬೆಚ್ಚಗಿತ್ತು, ಗಟ್ಟಿಯಾಗಿತ್ತು.

“ನಾನಲ್ಲ ಕಣಪ್ಪ,” ಎಂದರು ಅವರು ಮೆಲ್ಲಗೆ. “ನಿನ್ ಹೆಂಡ್ರು ಅಳ್ತಾವ್ರೆ. ಆ ಕಡೀಕೆ ತಿರುಗು.”