ಜೀಪಿನಡಿಯ ಸಣ್ಣೇಗೌಡರು

ಯಸಳೂರಿನ ಕಾಫಿ ಬೆಳೆಗಾರ ಸಣ್ಣೇಗೌಡರಿಗೆ ಮನೆಯಲ್ಲಿ ಯಾರಾದರೂ "ಒಂದು ಮಾತಿತ್ತು" ಅಂದರೆ ಸಾಕು, ಜೀಪಿನಲ್ಲಿ ಏನೋ ಸದ್ದು ಕೇಳಿಸಿಬಿಡುತ್ತದೆ. ತಕ್ಷಣ ಗೋಣಿಚೀಲ ಹಾಸಿ, ಸ್ಪ್ಯಾನರ್ ಹಿಡಿದು ಅದರಡಿಗೆ ತೂರಿಕೊಳ್ಳುತ್ತಾರೆ. ಒಡಹುಟ್ಟಿದ ತಮ್ಮನು ಬೇಲಿಯ ತಕರಾರು ತೆಗೆದಾಗ ಗೇರ್‌ಬಾಕ್ಸ್ ಬಿಚ್ಚಿದ್ದರು. ಮಗಳು ಮದುವೆ ಬೇಡವೆಂದ ದಿನ ಬ್ರೇಕು. "ನನ್ನ ಸಂಸಾರ ಕೆಟ್ಟಷ್ಟೂ ಗಾಡಿ ಸರಿಯಾಗ್ತಾ ಐತೆ ಮಾರಾಯ" ಎಂದು ಹೋಟೆಲಿನಲ್ಲಿ ತಾವೇ ಹೇಳಿಕೊಂಡು ನಗುತ್ತಾರೆ. ಬಿಸಿಲೆ ಘಾಟಿಯನ್ನು ಉಸ್ಸೆನ್ನದೆ ಹತ್ತುವ ಆ ಜೀಪು, ಹೆಂಡತಿ ಸಾಕಮ್ಮ ಮಳೆಗಾಲದಿಂದ ಕೇಳುತ್ತಿದ್ದರೂ ಹಾಸನದ ಆಸ್ಪತ್ರೆಗೆ ಮಾತ್ರ ಹೊರಟಿರಲಿಲ್ಲ. ನಿನ್ನೆ ಸಾಕಮ್ಮ ತಾನೂ ಒಂದು ಗೋಣಿಚೀಲ ತಂದು ಹಾಸಿ, ಜೀಪಿನಡಿ ಗಂಡನ ಪಕ್ಕದಲ್ಲೇ ಮಲಗಿದಳು. ಅವರ ಗ್ರೀಸು ಮೆತ್ತಿದ ಕೈಯನ್ನು ಎಳೆದು ತನ್ನ ಕತ್ತಿನಲ್ಲಿ ಊದಿಕೊಂಡಿದ್ದ ಗಂಟಿನ ಮೇಲಿಟ್ಟುಕೊಂಡು, "ಇದನ್ನೂ ಒಸಿ ನೋಡಿ" ಅಂದಳು.