ಕೆಂಡದ ಮಾತು ಹೇಳಲು ಊರೂರು ತಿರುಗಿದ ಖಾಲಾ

ಅವರ ಎರಡೂ ಹೆಬ್ಬೆರಳುಗಳ ತುದಿಯಲ್ಲಿ ತಗಡು ಕೊಯ್ದ ಗೀರುಗಳು ಒಂದರ ಮೇಲೊಂದು ಬಿದ್ದು ಚರ್ಮ ಕೊರಡಿನಂತಾಗಿತ್ತು. ಕಾದ ಡಬ್ಬಿಯನ್ನು ಬರಿಗೈಯಲ್ಲಿ ಎತ್ತಿ ಪಕ್ಕಕ್ಕಿಡುತ್ತಿದ್ದರು. ನೋಡಿದ ನಾವೇ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದೆವು.

ಆಳಂದದ ಬಜಾರಿನ ಹಿಂದಿನ ಓಣಿಯಲ್ಲಿ ಅವರ ತಗಡಿನ ಅಂಗಡಿ ಇತ್ತು. ಗಂಡ ತೀರಿಕೊಂಡ ಮೇಲೆ ಸುತ್ತಿಗೆ, ಕತ್ತರಿ ತಾವೇ ಹಿಡಿದರು. ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಹಳೆಯ ಎಣ್ಣೆಡಬ್ಬಿಯೊಳಗೆ ಇನ್ನೊಂದು ಸಣ್ಣ ಡಬ್ಬಿ ಕೂರಿಸಿ, ಲೆಕ್ಕ ಹಾಕಿ ತೂತು ಹೊಡೆದು ಒಲೆ ಮಾಡುತ್ತಿದ್ದರು. ಗೇಣುದ್ದ ಮುರಿದ ತೊಗರಿ ಕಟ್ಟಿಗೆಯನ್ನು ಅದರಲ್ಲಿ ನಿಲ್ಲಿಸಿ ಮೇಲಿನಿಂದ ಹೊತ್ತಿಸಿದರೆ ಉರಿ ನೀಲಿಯಾಗಿ ಏಳುತ್ತಿತ್ತು, ಹೊಗೆ ಕಾಣುತ್ತಿರಲಿಲ್ಲ. ಸಿಲಿಂಡರ್ ತುಂಬಿಸಲಾಗದ ಮನೆಗಳವರು ಒಂದಿಷ್ಟು ಜೋಳ ಕೊಟ್ಟು ಒಯ್ಯುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಸಂತೆಗಳಿಗೆ ಒಲೆಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದರು.

ಒಲೆ ಕೊಟ್ಟ ಮನೆಗೆ ಒಮ್ಮೆ ತಿರುಗಿ ಬರುವುದು ಅವರ ಪದ್ಧತಿ. ಬಂದವರು ಮೊದಲು ಪಾತ್ರೆಯ ತಳವನ್ನು ಬೆರಳಿಂದ ಉಜ್ಜಿ ನೋಡುವರು. ಮಸಿ ಹತ್ತಿದರೆ ಅಲ್ಲೇ ಕುಳಿತು ತೂತು ಸರಿಮಾಡುವರು. ಹೋಗುವಾಗ ಒಂದೇ ಮಾತು: “ಅಡಗಿ ಆದ ಮ್ಯಾಲ ಕೆಂಡಕ್ಕ ನೀರು ಹೊಡೀರಿ.” ಯಾಕೆ ಎಂದು ಅವರು ಹೇಳುತ್ತಿರಲಿಲ್ಲ, ನಾವೂ ಕೇಳಲಿಲ್ಲ.

ನಾನು ಬಾಣಂತಿಯಾಗಿ ನಿಂಬರ್ಗಾದ ತವರಿಗೆ ಬಂದಾಗ, ನನಗೂ ಕೂಸಿಗೂ ಹೊಗೆ ತಾಗಬಾರದೆಂದು ಅವ್ವ ಆ ಒಲೆ ತಂದಿದ್ದಳು. ಚಳಿ ಬಿದ್ದಿತ್ತು. ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಕೆಂಪಗಿದ್ದ ಕೆಂಡವನ್ನು ನೀರಿಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಬುಟ್ಟಿಯಷ್ಟಗಲದ ಬೋಗುಣಿಗೆ ತುಂಬಿ ನನ್ನ ಹೊರಸಿನ ಕೆಳಗೆ ಸರಿಸಿದಳು. “ಹೊಗಿ ಇಲ್ಲಲ್ಲ, ಬೆಚ್ಚಗ ಮಲಕೋ” ಎಂದು ಕಿಟಕಿ, ಬಾಗಿಲು ಎರಡೂ ಮುಚ್ಚಿದಳು.

ತಲೆ ಭಾರವಾದದ್ದು ನೆನಪಿದೆ. ನಿದ್ದೆ ಎಂದುಕೊಂಡೆ. ಆಮೇಲೆ ಅವ್ವನನ್ನು ಕರೆಯಬೇಕೆನಿಸಿತು, ನಾಲಿಗೆ ಏಳಲಿಲ್ಲ. ಪಕ್ಕದಲ್ಲೇ ಕೂಸಿನ ಕೈ ಕಾಣುತ್ತಿತ್ತು. ಅದನ್ನು ಮುಟ್ಟಲು ನನ್ನ ಕೈ ಎತ್ತಬೇಕು, ಎತ್ತಲಾಗುತ್ತಿಲ್ಲ. ಕೂಸು ಅಳುತ್ತಿಲ್ಲ ಯಾಕೆ ಎಂಬ ಒಂದೇ ಭಯ ಎದೆಯಲ್ಲಿ ಕೂತಿತ್ತು. ಬಾಯಿಗೆ ಬರಲಿಲ್ಲ.

ಒಲೆ ನೋಡಲೆಂದು ಖಾಲಾ ಬಂದದ್ದು ಆಗಲೇ. “ಕೆಂಡ ಎಲ್ಲಿ?” ಎಂದು ಕೇಳಿದರಂತೆ. ಅವ್ವ ಮುಚ್ಚಿದ ಕೋಣೆಯ ಕಡೆ ಕೈ ಮಾಡಿದಳಂತೆ. ಬಾಗಿಲು ಗೋಡೆಗೆ ಬಡಿದ ಸದ್ದು ನನಗೆ ಕೇಳಿಸಿತು. ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು, ತಿರುಗಿ ಬಂದು ನನ್ನನ್ನು ರಟ್ಟೆ ಹಿಡಿದು ಎಳೆದೊಯ್ದರು. ಅಂಗಳದಲ್ಲಿ ಕೂಸು ಹಸಿ ಬಟ್ಟೆಯಂತೆ ಅವರ ತೋಳಲ್ಲಿ ಜೋತಿತ್ತು. ಅಂಗಾಲಿಗೆ ಹೊಡೆಯುತ್ತ, “ಅಳು ಬೇಟಾ, ಅಳು, ಯಾ ಅಲ್ಲಾ, ಅಳು” ಎನ್ನುತ್ತಿದ್ದರು. ಅದು ಅಳುವವರೆಗೆ ಅವ್ವ ನೆಲಕ್ಕೆ ತಲೆ ಬಡಿದುಕೊಳ್ಳುತ್ತಲೇ ಇದ್ದಳು.

ನಾನೂ ಕೂಸೂ ದವಾಖಾನೆಯಿಂದ ಮನೆಗೆ ಬಂದ ದಿನ ಖಾಲಾ ಬಂದು ಹೊಸ್ತಿಲ ಹೊರಗೇ ಕುಳಿತರು. ನಾನು ಕೈ ಮುಗಿಯಲು ಹೋದರೆ ತಡೆದರು.

“ಮುಗೀಬ್ಯಾಡ ಬೇಟಿ. ತಪ್ಪು ನಂದದ. ನಮ್ಮಮ್ಮಿ ಹಿಂಗ ಹೋದ್ಲು. ಸುಟ್ಟ ಗಾಯ ಇಲ್ಲ, ಹೊಗಿ ಇಲ್ಲ, ಮಲಗಿದಾಕಿ ಮಲಗಿದಂಗೇ ಇದ್ಲು. ಕೆಂಡದಾಗ ಕಣ್ಣಿಗೆ ಕಾಣದ ವಿಷ ಇರ್ತದಂತ ನಂಗ ಗೊತ್ತಿತ್ತು. ಸಾವಿನ ಮಾತು ಹೇಳಿದ್ರ ಒಲಿ ಯಾರ ಒಯ್ತಾರ ಅಂತ ಹೇಳ್ಲಿಲ್ಲ.”

ಮರುದಿನವೇ ಅಂಗಡಿ ಮುಚ್ಚಿ ಹೊರಟರು. ಒಲೆ ಕೊಟ್ಟ ಒಂದೊಂದು ಮನೆಗೂ ಹೋಗಿ, ಕೆಂಡ ಒಳಗಿಟ್ಟು ಬಾಗಿಲು ಮುಚ್ಚಬೇಡಿ, ಮುಚ್ಚಿದರೆ ಸಾಯುತ್ತೀರಿ ಎಂದು ಬಿಡಿಸಿ ಹೇಳತೊಡಗಿದರು. ಕೆಲವರು ಹೆದರಿ ಒಲೆಯನ್ನೇ ತಿರುಗಿ ಕೊಟ್ಟರು. ಒಂದು ಮನೆಯಲ್ಲಿ, ಇಷ್ಟು ದಿನ ನಮ್ಮನ್ನು ಕೊಲ್ಲಲಿಕ್ಕೆ ಕೊಟ್ಟಿದ್ದೇನು ಎಂದು ಬೈದರು. ಖಾಲಾ ತಲೆ ತಗ್ಗಿಸಿ ಕೇಳಿಸಿಕೊಂಡರು. ಒಂದು ಚಳಿಗಾಲದಲ್ಲಿ ಅಷ್ಟೂ ಊರು ಮುಗಿಯಲಿಲ್ಲ. ಮುಂದಿನ ಚಳಿಗೆ ಅವರಿಗೆ ಮೊದಲೇ ಇದ್ದ ದಮ್ಮಿನ ಉಬ್ಬಸ ಹೆಚ್ಚಾಗಿತ್ತು. ಹಾಗಾಗಿ ಕೂಸನ್ನು ಅವ್ವನಿಗೆ ಒಪ್ಪಿಸಿ ನಾನೂ ಜೊತೆಗೆ ಹೋದೆ.

ಭೀಮಾ ದಂಡೆಯ ಸೊನ್ನದಲ್ಲಿ ಒಂದು ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಆ ಮನೆಯಲ್ಲಿ ಹಸುಗೂಸು ಇದೆ ಎಂದು ಓಣಿಯವರು ಹೇಳಿದ್ದರು. ಖಾಲಾ ಬಾಗಿಲು ಬಡಿದರು. ಉತ್ತರವಿಲ್ಲ. ಎರಡೂ ಕೈಯಿಂದ ಬಡಿದರು. ನನ್ನ ಕೂಸಿನ ಜೋತ ಕತ್ತು ಕಣ್ಣ ಮುಂದೆ ಬಂತು. “ಕಲ್ಲು ತಾ ಬೇಟಿ, ಚಿಲಕ ಒಡೀತೇನಿ” ಎಂದು ಅವರು ಕೂಗುವಷ್ಟರಲ್ಲಿ ಬಾಗಿಲು ತೆರೆಯಿತು. ಕೂಸನ್ನು ಹೆಗಲಿಗೆ ಹಾಕಿಕೊಂಡ ಹುಡುಗಿ ನಿದ್ದೆಗಣ್ಣಲ್ಲಿ ಸಿಟ್ಟಾಗಿ ನಿಂತಿದ್ದಳು.

“ಯಾಕ್ರಿ ಹಿಂಗ ಬಡೀಲಾಕತ್ತೀರಿ?”

“ಕೆಂಡ... ಕೆಂಡ ಎಲ್ಲಿ ಇಟ್ಟೀ?”

“ಹೊರಗ ನೀರು ಹೊಡದೇನ್ರಿ. ನೀವೇ ಹೇಳಿದ್ರಲ್ಲ.”

ಖಾಲಾ ಅಲ್ಲೇ ಕುಸಿದು ಕುಳಿತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಆ ಹುಡುಗಿ ಕೊಟ್ಟ ತಂಬಿಗೆಯ ನೀರು ಕುಡಿದು, ಕೂಸಿನ ಅಂಗಾಲು ಮುಟ್ಟಿ ನೋಡಿದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಹಾಸಿಗೆ ಹಿಡಿದರು. ಈ ಒಲೆ ಮಾಡುವ ಮೊದಲು ವರ್ಷಗಟ್ಟಲೆ ಊದಿದ ಕಟ್ಟಿಗೆ ಒಲೆಗಳ ಹೊಗೆ ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ನೋಡಲು ಹೋದಾಗ ನನ್ನ ಮುಂಗೈ ಹಿಡಿದುಕೊಂಡರು. “ಜೇವರ್ಗಿ ಕಡಿ ಹನ್ನೊಂದು ಮನಿ ಉಳದಾವ. ಬರಕೋ.” ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಮನೆಗಳೆಲ್ಲ ಗುರುತಿನ ಮೇಲೆ ನೆನಪಿದ್ದವು: ಬಾವಿ ಮಗ್ಗಲಿನ ಮನೆ, ಕುಂಟ ಎತ್ತಿನವರ ಮನೆ, ಅವಳಿ ಹೆಣ್ಣುಮಕ್ಕಳ ಮನೆ. ಒಂದೊಂದು ಹೇಳಿ ಉಸಿರಿಗಾಗಿ ನಿಲ್ಲುತ್ತಿದ್ದರು. ಹನ್ನೊಂದೂ ಬರೆಸಿ, ನನ್ನಿಂದ ಒಮ್ಮೆ ಓದಿಸಿದರು. ಆ ವಾರವೇ ಹೋದರು.

ಚಳಿ ಬೀಳುವ ಮೊದಲು ನಾನು ಜೇವರ್ಗಿ ಬಸ್ಸು ಹತ್ತಿದೆ. ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ರೊಟ್ಟಿ ಬಡಿಯುತ್ತಿದ್ದಳು. ಒಲೆ ಸಣ್ಣಗೆ ಉರಿಯುತ್ತಿತ್ತು. ಯಾರು, ಎಲ್ಲಿಂದ ಬಂದೆ ಎಂದು ಹೇಳುತ್ತಿದ್ದಂತೆ ಕೈ ನಿಲ್ಲಿಸಿದಳು.

“ಖಾಲಾ ಯಾಕ ಬರ್ಲಿಲ್ಲ?”

ನಾನು ಮೊದಲು ಕೆಂಡದ ಮಾತು ಹೇಳಿದೆ. ನನ್ನ ಕೂಸಿನ ಕಥೆಯನ್ನೂ ಹೇಳಿದೆ. ಖಾಲಾ ತೀರಿಹೋದ ಸುದ್ದಿ ಆಮೇಲೆ ಹೇಳಿದೆ. ಮುದುಕಿ ಹಿಟ್ಟಿನ ಕೈಯಲ್ಲೇ ಎದ್ದು ಒಳಗೆ ಹೋಗಿ, ಮೊಮ್ಮಕ್ಕಳು ಮಲಗುವ ಕೋಣೆಯ ಕಿಟಕಿಗೆ ತುರುಕಿದ್ದ ಗೋಣಿಚೀಲವನ್ನು ಕಿತ್ತು ತೆಗೆದಳು.