ಕುರಿಗಾಹಿ ಸಂತನಿಗೆ ಸುಣ್ಣ ಬಳಿಯುವ ಮನ್ನೂಬಿಯಾ

ಬೀರ್ ತೀನ್ ಗುಡ್ಡದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರವತ್ತೆಂಟರ ಮನ್ನೂಬಿಯಾ ಸೆರಗು ಸಿಕ್ಕಿಸಿ, ಉಪ್ಪು ಬೆರೆಸಿದ ಸುಣ್ಣದ ಬಕೆಟ್ ಹಿಡಿದು ಗೋರಿಯ ಗುಮ್ಮಟಕ್ಕೆ ಒರಗಿಸಿದ ಏಣಿ ಹತ್ತುತ್ತಾರೆ. ಬಿಸಿಲೇರಿದ ಮೇಲೆ ಬಳಿದ ಸುಣ್ಣ ಬಿರಿಯುತ್ತದೆ. "ತಣ್ಣಗಿದೆ ಅಂತ ಗೊತ್ತಪ್ಪಾ, ಸ್ವಲ್ಪ ತಡ್ಕೋ," ಎಂದು ಗುಮ್ಮಟವನ್ನು ಗದರುತ್ತಾರೆ. ಮಾತಾಡಿಸಲು ಅವರಿಗೆ ಅಲ್ಲಿ ಬೇರೆ ಯಾರೂ ಇಲ್ಲ.

ಒಳಗೆ ಮಲಗಿರುವವನು ಸೀದಿ ಯಾಲಾ. ದಕ್ಷಿಣ ಟ್ಯುನೀಶಿಯಾದ ಈ ಭಾಗದಲ್ಲಿ ಆ ಹೆಸರಿನ ಸಂತರು ಇಬ್ಬರು. ಕರಾವಳಿ ಪಟ್ಟಣದಲ್ಲಿರುವವನು ಎಂಟುನೂರು ವರ್ಷ ಹಿಂದಿನ ಪಂಡಿತ. ಅವನಿಗೆ ಗ್ರಂಥಗಳಿವೆ, ತಲೆಗಲ್ಲಿನ ಮೇಲೆ ಬರಹವಿದೆ, ಬಾಗಿಲವರೆಗೆ ಬಸ್ಸಿದೆ. ಗುಡ್ಡದವನು ಕುರಿ ಕಾಯುತ್ತಿದ್ದವನು. ಬರದ ವರ್ಷ ಬಂಡೆಯಿಂದ ಹಾಲು ಕರೆದು ತಬ್ಬಲಿ ಮಕ್ಕಳಿಗೆ ಕುಡಿಸಿದನಂತೆ. ಅವನ ದಾಖಲೆ ಹೆಂಗಸರ ಬಾಯಿಮಾತು ಮಾತ್ರ.

ಅತ್ತೆಯಿಂದ ಬಂದ ಕೆಲಸವಿದು. ಸಂಬಳವಿಲ್ಲ. ಬಾವಿಯಿಂದ ಎಂಟು ಸಲ ನೀರು ಹೊರಬೇಕು. ಮೊದಲು ಗುರುವಾರಗಳಂದು ಬಸುರಿಯರು, ಬಾಣಂತಿಯರು ಬಂದು ಮೇಣದಬತ್ತಿ ಹಚ್ಚುತ್ತಿದ್ದರು. ಗೋರಿಗೆ ಬೇಡಿಕೊಳ್ಳುವುದು ಪಾಪವೆಂದು ಹೊಸ ಬೋಧಕರು ಹೆದರಿಸಿದ ಮೇಲೆ ಅದೂ ನಿಂತಿತು. ಹೋದ ತಿಂಗಳು ಬಂದವರು ಮೂವರು. ಅವರಲ್ಲಿ ಇಬ್ಬರು ದಾರಿ ತಪ್ಪಿದವರು.

"ಪರೀಕ್ಷೆಗೆ ಹರಕೆ ಹೊರೋಕೆ ಪಟ್ಟಣದ ಯಾಲಾ ಹತ್ರ ಹೊರಟಿದ್ದ ಹುಡುಗೀರು. ಟ್ಯಾಕ್ಸಿಯವನು ಇಲ್ಲಿ ಇಳಿಸಿ ಹೋಗಿದಾನೆ," ಮನ್ನೂಬಿಯಾ ನಗುತ್ತಾರೆ. "'ಅಯ್ಯೋ ಮಕ್ಕಳಾ, ನಿಮಗೆ ಬೇಕಾದೋನು ಓದಿದೋನು. ಇವನಿಗೆ ಕುರಿ ಎಣಿಸೋದು ಬಿಟ್ರೆ ಏನೂ ಬರಲ್ಲ' ಅಂದೆ. ಚಹಾ ಕುಡಿಸಿ ಕಳಿಸ್ದೆ. ಇನ್ನೊಂದು ಗಳಿಗೆ ಕೂತಿದ್ರೆ ಚೆನ್ನಾಗಿತ್ತು."

ಮಾಗಿಯಲ್ಲಿ ಪುರಾತತ್ವ ಇಲಾಖೆಯ ಅಧಿಕಾರಿ ಅನೀಸ್ ಬಂದರು. ಗುಡ್ಡವನ್ನು ಸಿಮೆಂಟ್ ಕಲ್ಲುಗಣಿಗೆ ಕೊಡುವ ಮುನ್ನ ಗೋರಿ ಉಳಿಸಲು ಯೋಗ್ಯವೇ ಎಂದು ನೋಡಬೇಕಿತ್ತು. ಶಾಸನ ಸಿಗಬಹುದೆಂದು ಗೋಡೆಯ ಮೂಲೆಯಲ್ಲಿ ಉಳಿಯಿಂದ ಕೆತ್ತಿದರು. ಅಕ್ಷರ ಸಿಗಲಿಲ್ಲ. ಅಂಗೈ ದಪ್ಪದ ಸುಣ್ಣದ ಚೂರು ಕಳಚಿ ಬಿತ್ತು.

"ಯಾಲಾ ಒಬ್ಬರೇ ಚಿಕ್ಕಮ್ಮ, ಪಟ್ಟಣದಲ್ಲಿರೋರು. ಇದು ಬರೀ ಕತೆ," ಎಂದರು.

ಮನ್ನೂಬಿಯಾ ಚೂರನ್ನು ಎತ್ತಿ ಅಡ್ಡಕ್ಕೆ ಹಿಡಿದರು. ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ವರ್ಷಕ್ಕೊಂದು ಸಲ ಬಳಿದದ್ದು. ಸೂಜಿಯ ಮೊನೆಯಿಂದ ಎಣಿಸುತ್ತ ಹೋದರು. "ಈ ನಲವತ್ತೇಳು ನನ್ನವು ಮಗನೇ. ಇವು ನಮ್ಮತ್ತೆಯವು. ಇದು ಅವರತ್ತೆ. ಇನ್ನೂರ ಹತ್ತರವರೆಗೆ ಬಂದೆ, ಆಮೇಲೆ ಕಣ್ಣು ಸೋತ್ವು. ಕತೆಗೆ ಯಾರಾದ್ರೂ ಇಷ್ಟು ಸುಣ್ಣ ಬಳೀತಾರಾ?"

"ಇದರಿಂದ ಗೋಡೆ ಹಳೇದು ಅಂತ ಗೊತ್ತಾಗುತ್ತೆ. ಸಂತ ಇದ್ದ ಅಂತ ಅಲ್ಲ."

"ಸಂತನ ಹೆಸರು ಯಾಕಪ್ಪ? ಬಳಿದೋರ ಹೆಸರು ಬರ್ಕೋ."

ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಓದು ಬಲ್ಲವನು ಸತ್ತರೆ ಚರಿತ್ರೆ, ಕುರಿ ಕಾಯುವವನು ಸತ್ತರೆ ಕಟ್ಟುಕತೆ! ಇನ್ನೂರಕ್ಕೂ ಹೆಚ್ಚು ವರ್ಷ ಏಣಿ ಹತ್ತಿ ಇಳಿದ ಹೆಂಗಸರು ಇವೆರಡರಲ್ಲಿ ಯಾವುದಕ್ಕೂ ಸೇರದವರು. ಈದ್ ಮುಗಿದ ವಾರವೇ ಗೋರಿ ಕೆಡವುವುದಾಗಿ ಬಾಗಿಲಿಗೆ ಕಾಗದ ಅಂಟಿಸಿದ್ದಾರೆ. ಹಬ್ಬಕ್ಕೆ ಇನ್ನು ಒಂಬತ್ತು ದಿನ.

ಹಾಗಿದ್ದರೆ ಈ ಬಾರಿಯ ಸುಣ್ಣ ಯಾರಿಗಾಗಿ?

ಮನ್ನೂಬಿಯಾ ಕುಂಚ ಕೊಡವಿ, ತಾವು ಬಿಟ್ಟ ಜಾಗವೇನಾದರೂ ಇದೆಯೇ ಎಂದು ಕತ್ತೆತ್ತಿ ನೋಡುತ್ತಾರೆ. "ಕೆಡವೋರು ಬೆಳಗ್ಗೇನೇ ಬರಲಿ, ಅದೊಂದೇ ನನ್ನಾಸೆ. ಮೊದಲ ಬಿಸಿಲಿಗೆ ಇದು ಹೊಳೆಯೋದನ್ನ ನಿಂತು ಒಂದು ಸಲ ನೋಡಲಿ. ಆಮೇಲೂ ಕೈ ಎತ್ತೋಕೆ ಆಗುತ್ತೆ ಅಂದ್ರೆ, ಎತ್ತಲಿ."